ಬಿಸಿಲು ವಕೀಲನ ಉತ್ತರ

ಬಿಸಿಲಿಗೂ ಒಬ್ಬ ವಕೀಲನಿದ್ದ. ಸೂರ್ಯನೇನೂ ಇವನಿಗೆ ವಕಾಲತ್ತು ಬರೆದುಕೊಟ್ಟಿರಲಿಲ್ಲ, ಇವನೇ ಹೊತ್ತುಕೊಂಡದ್ದು. ಮೊದಲು ಹನ್ನೊಂದು ವರ್ಷ ಸ್ಕೂಟರ್ ಅಪಘಾತದ ಕೇಸು ನಡೆಸುತ್ತಿದ್ದ. ಯಾವ ಮೂಳೆ ಎಲ್ಲಿ ಮುರಿಯುತ್ತದೆಂದು ಡಾಕ್ಟರಿಗೇ ಪಾಠ ಹೇಳುವಷ್ಟು ಪಳಗಿದ್ದ. ಮರ್ಯಾದೆಯ ಕೆಲಸವೇ ಅದು. ಆದರೆ ಸೋಲಾರ್ ಕಂಪನಿಗಳು ಬಂದವು ನೋಡಿ, ಮುರಿದ ಮೂಳೆ ಇವನಿಗೆ ಸಪ್ಪೆಯಾಯಿತು. ಎರಡು ದಿನದ ತರಬೇತಿಗೆ ಹೋಗಿ ಬಂದು, ಅಲ್ಲಿ ಕೊಟ್ಟ ಸರ್ಟಿಫಿಕೇಟಿಗೆ ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿದ. ಹೊಸ ಬೋರ್ಡು ಬರೆಸಿದ: 'ನವೀಕರಿಸಬಹುದಾದ ಇಂಧನ ಕಾನೂನು ತಜ್ಞ'. ಬೋರ್ಡಿನಲ್ಲಿ ಅಷ್ಟುದ್ದ ಹಿಡಿಯದೆ 'ತಜ್ಞ' ಎಂಬುದು ಕೆಳಗಿನ ಟೈರ್ ಅಂಗಡಿಯ ತಗಡಿಗೆ ಇಳಿಯಿತು. ಹೊಸಬರು ಟೈರಿನವನನ್ನೇ ತಜ್ಞ ಅಂದುಕೊಂಡರು. ಹಳಬರಿಗೆ ಇವನು ಬರೀ ಬಿಸಿಲು ವಕೀಲ.

ಕಚೇರಿಗೆ ಮೂರು ಕಿಟಕಿ, ಮೂರಕ್ಕೂ ದಪ್ಪ ಪರದೆ. ನಡುಹಗಲಲ್ಲೂ ಟ್ಯೂಬ್‌ಲೈಟು. ಸೋಲಾರ್ ಹಲಗೆ ಹಾಕುವ ಜಾಗ ನೋಡಲು ಹೋದರೂ ಕಾರಿನ ಗಾಜು ಇಳಿಸಿದವನಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ಕಂಡಿದ್ದೇವೆ. ಇವನು ಮೊಲವನ್ನೇ ನೋಡದೆ ಕಾಲು ಎಣಿಸುವ ಪೈಕಿ.

ಅವನ ಕೀರ್ತಿಯೆಲ್ಲ ನಿಂತದ್ದು ಒಂದು ಗುತ್ತಿಗೆ ಪತ್ರದ ಮೇಲೆ. ಸೋಲಾರ್ ಕಂಪನಿಗೆ ಜಮೀನು ಕೊಟ್ಟ ನಲವತ್ತಾರು ಮನೆಯವರು ಸಹಿ ಹಾಕಿದ ಪತ್ರ ಅದು, ಕಂಪನಿಯ ಪರವಾಗಿ ಬರೆದವನು ಇವನೇ. ಹದಿನೇಳನೇ ಷರತ್ತು ಹೀಗಿತ್ತು: 'ಹಲಗೆಗಳ ಉತ್ತರಕ್ಕೆ ಮಾಲೀಕರು ಹನ್ನೆರಡು ಅಡಿ ಮೀರಿ ಏನನ್ನೂ ಕಟ್ಟತಕ್ಕದ್ದಲ್ಲ.' ಹಲಗೆಯ ಮೇಲೆ ನೆರಳು ಬೀಳಬಾರದಲ್ಲ, ಅದಕ್ಕೆ. ಬಲು ಗಂಭೀರವಾದ ಮಾತು. ಆದರೆ ಅದನ್ನು ಅವನು ಎತ್ತಿದ್ದು ಭೂಮಧ್ಯರೇಖೆಯ ಆಚೆಗಿನ ಯಾವುದೋ ದೇಶದ ಮಾದರಿ ಪತ್ರದಿಂದ. ಅಲ್ಲಿ ಸೂರ್ಯ ಉತ್ತರಕ್ಕೆ ವಾಲುತ್ತಾನೆ, ಇಲ್ಲಿ ದಕ್ಷಿಣಕ್ಕೆ. ಮಹಾಶಯ ದೇಶದ ಹೆಸರು ತಿದ್ದಿದ, ಸೂರ್ಯನನ್ನು ತಿದ್ದಲು ಮರೆತ.

ಆ ನಲವತ್ತಾರರಲ್ಲಿ ಒಂದು ಅವನ ಸ್ವಂತ ಅಕ್ಕನ ಮನೆ. ಅಕ್ಕ ಹೊಲಿಗೆಯವಳು. ನಡುಮನೆಯಲ್ಲಿ ಆರು ಯಂತ್ರ, ಆರು ಹೆಂಗಸರು, ಊಟದ ತಟ್ಟೆಯಲ್ಲೂ ದಾರ. ಶಾಲೆಯೊಂದರ ಸಮವಸ್ತ್ರವೆಲ್ಲ ಹೊಲಿಯುವ ಕೆಲಸ ಸಿಕ್ಕಿತ್ತು. ಶಾಲೆಯವರು ಬಂದು ನೋಡಿ, "ಮೂರು ತಿಂಗಳಲ್ಲಿ ದೊಡ್ಡ ಕೋಣೆ ಮಾಡ್ಕೊಳ್ಳಿ, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀವಿ" ಎಂದು ಹೇಳಿಹೋಗಿದ್ದರು. ಕೆಲಸ ತಪ್ಪಿದರೆ ಆರು ಜನರೂ ಮನೆಗೆ. ಅಕ್ಕ ಮಹಡಿ ಎಬ್ಬಿಸಲು ಇಟ್ಟಿಗೆ ಇಳಿಸಿದಳು. ಮನೆಯಿದ್ದದ್ದು ಹಲಗೆಗಳ ಉತ್ತರಕ್ಕೆ. ವಾರದೊಳಗೆ ನೋಟಿಸು ಬಂತು. ಕೆಳಗೆ ತಮ್ಮನ ಸಹಿ.

ಅಳತೆಪಟ್ಟಿ ಕೊರಳಲ್ಲಿದ್ದ ಹಾಗೇ ಅವಳು ಕಚೇರಿಯ ಮೆಟ್ಟಿಲು ಹತ್ತಿದಳು.

"ಏನೋ ಇದು?"

"ನೋಟಿಸು ಅಕ್ಕ. ಕಾನೂನು ಎಲ್ಲರಿಗೂ ಒಂದೇ."

"ಕಣ್ಣು ಮುಚ್ಕೊಂಡು ಸಹಿ ಹಾಕು, ನಾನಿದ್ದೀನಿ ಅಂದಿದ್ದೆ."

"ಇದ್ದೀನಲ್ಲ."

"ಇದ್ದೀಯ, ಎದುರು ಕಡೆ. ಅಲ್ಲ ಕಣೋ, ನಮ್ಮನೆ ನೆರಳು ಆ ಹಲಗೆ ಕಡೆ ತಿರುಗೂ ನೋಡಲ್ಲ. ಇಪ್ಪತ್ತು ವರ್ಷದಿಂದ ಬಟ್ಟೆ ಒಣಗಿಸ್ತಿದ್ದೀನಿ, ನಂಗೊತ್ತಿಲ್ವಾ?"

ಅವನಿಗೂ ಗೊತ್ತಿತ್ತು. ಕಂಪನಿಯ ಇಂಜಿನಿಯರು ಅದೇ ವಾರ ಫೋನಿನಲ್ಲಿ ಮೆತ್ತಗೆ ಹೇಳಿದ್ದ: "ಸಾರ್, ಅದು ದಕ್ಷಿಣ ಆಗ್ಬೇಕಿತ್ತಲ್ವಾ?" ಒಂದು ಸಾಲಿನ ತಿದ್ದುಪಡಿ ಸಾಕಿತ್ತು. ಆದರೆ ತಿದ್ದಬೇಕಾದರೆ 'ತಪ್ಪಾಯಿತು' ಅನ್ನಬೇಕಲ್ಲ. ಆ ಶಬ್ದ ಅವನ ನಾಲಿಗೆಗೆ ಎಂದೂ ಸಿಕ್ಕಿದ್ದಲ್ಲ. ಅದಕ್ಕಿಂತ ಒಡಹುಟ್ಟಿದವಳ ಮೇಲೆ ದಾವೆ ಹೂಡುವುದು ಸುಲಭವೆನಿಸಿತು.

ಪತ್ರದಲ್ಲೇ ಬರೆದಿದ್ದಂತೆ ಜಗಳ ಮಧ್ಯಸ್ಥರಾದ ನಿವೃತ್ತ ನ್ಯಾಯಾಧೀಶರೊಬ್ಬರ ಮುಂದೆ ಹೋಯಿತು. ಸ್ಕೇಲು ಇಟ್ಟುಕೊಂಡು ಸಾಲು ಸಾಲಾಗಿ ಓದುವ ಮುದುಕ. ಅಕ್ಕ ತಾನೇ ನಿಂತು ನೆರಳಿನ ವಿಚಾರ ಹೇಳಿದಳು.

"ಇದಕ್ಕೆ ನಿಮ್ಮ ಉತ್ತರ ಏನ್ರೀ?" ಎಂದು ಅವರು ವಕೀಲನನ್ನು ಕೇಳಿದರು.

"ಉತ್ತರವೇ ನನ್ನ ಉತ್ತರ, ಸ್ವಾಮಿ. ಸೂರ್ಯ ಈ ಪತ್ರಕ್ಕೆ ಸಹಿ ಹಾಕಿಲ್ಲ. ಅವನು ಎಲ್ಲಿ ಬೇಕಾದರೂ ಹುಟ್ಟಲಿ. ಬರೆದದ್ದರ ಆಚೆ ಒಂದಕ್ಷರ ಓದುವಂತಿಲ್ಲ."

"ಹಾಗಾದ್ರೆ ದಕ್ಷಿಣಕ್ಕೆ?" ಅಕ್ಕ ಕೇಳಿದಳು.

"ದಕ್ಷಿಣದ ಬಗ್ಗೆ ಪತ್ರ ಮೌನವಾಗಿದೆ," ಎಂದ ಅವನು, ಮೌನವನ್ನೂ ತಾನೇ ರಚಿಸಿದವನ ಹಾಗೆ.

ಮುದುಕ ಅದನ್ನೂ ತೀರ್ಪಿನಲ್ಲಿ ಬರೆದುಕೊಂಡರು. ಬಿಸಿಲು ವಕೀಲ ಗೆದ್ದ. ವಕೀಲರ ಕೋಣೆಯಲ್ಲಿ ಮೂರು ದಿನ ಗೆಲುವಿನ ಕಥೆ ಹೇಳಿದ. ಸೋತವಳು ಯಾರೆಂದು ಮಾತ್ರ ಹೇಳಲಿಲ್ಲ.

ನಾಲ್ಕನೇ ದಿನ ಇಂಜಿನಿಯರ್ ಮತ್ತೆ ಫೋನ್ ಮಾಡಿದ. ಹಲಗೆಗಳ ದಕ್ಷಿಣಕ್ಕೆ, ರಸ್ತೆಯ ಅಂಚಿನಲ್ಲಿ, ಅಕ್ಕ ಗುತ್ತಿಗೆಗೆ ಕೊಡದೆ ಉಳಿಸಿಕೊಂಡಿದ್ದ ಜಮೀನಿನ ತುಂಡಿನಲ್ಲಿ ಪಾಯ ತೋಡುತ್ತಿದ್ದಾರಂತೆ. ಎರಡು ಅಂತಸ್ತಂತೆ. "ಸಾರ್, ಮೂರು ಸಾಲು ಹಲಗೆ ಪೂರ್ತಿ ಕತ್ತಲಾಗುತ್ತೆ. ಏನಾದ್ರೂ ಮಾಡಿ."

ಮಾಡುವುದೇನು, ತೀರ್ಪು ತಂದವನೇ ಇವನು. ಎರಡು ವಾರ ಕಳೆದ ಮೇಲೆ, ಮೊಟ್ಟಮೊದಲ ಸಲ ಕಾರಿನಿಂದಿಳಿದು, ಕರವಸ್ತ್ರ ತಲೆಗೆ ಹಾಕಿಕೊಂಡು ಅಕ್ಕನ ಎದುರು ನಿಂತ. ಗೋಡೆ ಸೊಂಟದವರೆಗೆ ಬಂದಿತ್ತು.

"ಅಕ್ಕ, ನಿಲ್ಲಿಸು. ಕಂಪನಿ ನನ್ನ ಬಿಡುತ್ತೆ."

"ನಿಲ್ಲಿಸ್ತೀನಿ ತಮ್ಮಾ. ಷರತ್ತು ತಪ್ಪಾಗಿತ್ತು ಅಂತ ಒಂದು ಸಾಲು ಬರ್ಕೊಡು, ಇದೇ ಇಟ್ಟಿಗೆ ಹೊತ್ಕೊಂಡು ಹೋಗಿ ಮನೆ ಮೇಲೇ ಕಟ್ಕೋತೀನಿ."

"ಅಷ್ಟೇನಾ?"

"ಅಷ್ಟೇ."

ಮರುದಿನ ಕಳಿಸಿದ. ಎರಡು ಪುಟ. 'ಉಭಯರ ಅನುಕೂಲಾರ್ಥ', 'ಬದಲಾದ ಸನ್ನಿವೇಶದಲ್ಲಿ', 'ಯಾವುದೇ ಹೊಣೆಯನ್ನು ಒಪ್ಪಿಕೊಳ್ಳದೆ'. ಅಕ್ಕ ಗೋಡೆಗೆ ಒರಗಿ ಓದಿದಳು. ತಿರುಗಿಸಿ ಮತ್ತೊಮ್ಮೆ ಓದಿದಳು. ತಪ್ಪು ಎಂಬ ಎರಡಕ್ಷರ ಎಲ್ಲೂ ಇರಲಿಲ್ಲ.

"ಕಾಗದ ದಪ್ಪಗಿದೆ," ಎಂದು ಅದರ ಮೇಲೆ ಸಮವಸ್ತ್ರದ ಕಾಲರಿನ ಅಚ್ಚು ಬರೆದುಕೊಂಡು ಕತ್ತರಿಸಿದಳು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ನೀನು ನಡೆಸಪ್ಪಾ," ಎಂದಳು.