ಅರೇಪಾದ ಪಕ್ಕದಲ್ಲಿ ಶೇಂಗಾ ಚಟ್ನಿ

ಅಮ್ಮ ಕೈಚೀಲದಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದದ್ದು ನೋಡಿ ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಬಾಗಲಕೋಟೆಯಿಂದ ನಾನಿರುವ ಮಲೇಷ್ಯಾದ ಪೆನಾಂಗಿಗೆ ಬಂದವಳಿಗೆ ಒಂದು ದಿನವಾದರೂ ಬೇರೆ ರುಚಿ ತೋರಿಸೋಣವೆಂದು ಬಯಾನ್ ಲೆಪಾಸ್ ಬಡಾವಣೆಯ ವೆನೆಜುವೆಲಾ ಹೋಟೆಲಿಗೆ ಕರೆದೊಯ್ದಿದ್ದೆ. ಅಲ್ಲಿನ ಮೆಕ್ಕೆಜೋಳದ ದಪ್ಪ ರೊಟ್ಟಿ ಅರೇಪಾವನ್ನು ಅಮ್ಮ ಬಿಡಿಸಿ, ಒಳಗಿದ್ದ ಕೋಳಿಯನ್ನೆಲ್ಲ ನನ್ನ ತಟ್ಟೆಗೆ ಸುರಿದಳು.

"ಅದೆಲ್ಲಾ ನೀ ತಿನ್ನು. ನನಗ ರೊಟ್ಟಿ, ಚಟ್ನಿ ಸಾಕು."

ಅಡುಗೆಯಾಕೆ ನಮ್ಮತ್ತ ಬಂದಳು. ನಾನು ಕ್ಷಮೆ ಕೇಳುವಷ್ಟರಲ್ಲಿ ಅಮ್ಮ ಆಕೆಯ ಅಂಗೈಗೂ ಚಿಟಿಕೆ ಚಟ್ನಿ ಹಾಕಿಯಾಗಿತ್ತು. ಆಕೆ ರುಚಿ ನೋಡಿ ನಕ್ಕಳು. ಅಮ್ಮ ಡಬ್ಬಿಯನ್ನೇ ಕೊಟ್ಟುಬಂದಳು.

ಅಮ್ಮ ಊರಿಗೆ ಮರಳಿದ ಮೇಲೆ, ಸದ್ಯ ಚಟ್ನಿಯ ಕಾಟ ತಪ್ಪಿತೆಂದು ಒಬ್ಬಳೇ ಅಲ್ಲಿಗೆ ಹೋದೆ. ಕೇಳದೆಯೇ ಅರೇಪಾದ ಪಕ್ಕದಲ್ಲಿ ಶೇಂಗಾ ಚಟ್ನಿ ಬಂತು. ಬೇಡವೆನ್ನಲು ಬಾಯಿ ತೆರೆದವಳು ಮೊದಲು ಅದನ್ನೇ ತಿಂದೆ.