ಇಂಗ್ಲಿಷ್ ಬಾರದ ನಾಯಿ

ಇವತ್ತು ಬೆಳಿಗ್ಗೆ ಎಂದಿನಂತೆ ಐದೂವರೆಗೆ ಎದ್ದೆ. ಹಾಲು ಕಾಯಲಿಟ್ಟು, ಉರಿ ಸಣ್ಣದು ಮಾಡಿ, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಪೊರಕೆ ಹಿಡಿದು ಮುಂಬಾಗಿಲು ತೆರೆದೆ. ಹೊಸಿಲು ದಾಟಿದವಳೇ ಬಲಗಾಲನ್ನು ಮೊಣಕಾಲೆತ್ತರಕ್ಕೆ ಎತ್ತಿ, ಅಷ್ಟು ದೂರಕ್ಕೆ ಇಟ್ಟು, ಆಮೇಲೆ ಎಡಗಾಲನ್ನೂ ಹಾಗೇ ಎತ್ತಿ ಇಟ್ಟೆ. ಬಕೆಟ್ಟಿನಿಂದ ಒಂದು ತೊಟ್ಟು ನೀರೂ ಚೆಲ್ಲಲಿಲ್ಲ. ಒಂಬತ್ತು ವರ್ಷದ ಅಭ್ಯಾಸ.

ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹಿಂದೆಯೇ ನಿಂತಿದ್ದ ನಮ್ಮ ಮನೆಯವರು, "ಅಲ್ಲೇನಿದೆ ಅಂತ ಹಾರ್ತಿದ್ದೀಯ?" ಅಂದರು.

ಏನೂ ಇರಲಿಲ್ಲ. ನಾಯಿ ಸತ್ತು ಹದಿನೆಂಟು ದಿನವಾಯಿತು. ಅದು ಮಲಗುತ್ತಿದ್ದ ಕಡೆ ಕೆಂಪು ನೆಲ ಮಾತ್ರ ಸ್ವಲ್ಪ ನುಣ್ಣಗೆ ಹೊಳೆಯುತ್ತಿತ್ತು. ಐವತ್ತು ದಾಟಿದ ಹೆಂಗಸೊಬ್ಬಳು ಖಾಲಿ ನೆಲವನ್ನು ಇಷ್ಟು ಜಾಗ್ರತೆಯಿಂದ ದಾಟುವುದನ್ನು ಬೀದಿಯವರು ಯಾರೂ ನೋಡಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೂ ಸುಮ್ಮನಿರಲಾಗಲಿಲ್ಲ. "ರೀ, ನಾನು ಕರೆದಾಗ ಅದು ಯಾವತ್ತಾದ್ರೂ ಬಂದಿತ್ತಾ?" ಎಂದು ಕೇಳಿಯೇಬಿಟ್ಟೆ.

ಅವರು ಯೋಚಿಸಲು ಸಮಯ ಬೇಕಾಗಿ ಹೋಗಿ ಬಾಯಿ ಮುಕ್ಕಳಿಸಿ ಬಂದರು. "ಊಟಕ್ಕೆ ಬರ್ತಿತ್ತಲ್ಲ."

"ಅದು ತಟ್ಟೆ ಸದ್ದಿಗೆ."

"ಹಂಗಾದ್ರೆ ಇಲ್ಲ ಬಿಡು" ಎಂದು ಪೇಪರ್ ಹಿಡಿದು ಕೂತರು. ಸುಳ್ಳು ಹೇಳಬೇಕಾದ ಕಡೆಯೂ ನಿಜ ಹೇಳುವ ಮನುಷ್ಯ. ಬದುಕಿರುವತನಕ ಯಾರನ್ನೂ ಕಚ್ಚದ ಆ ನಾಯಿ, ಈ ಒಂದು ಪ್ರಶ್ನೆಯಾಗಿ ಹದಿನೆಂಟು ದಿನದಿಂದ ನನ್ನನ್ನು ಕಚ್ಚುತ್ತಿದೆ.

ತಪ್ಪು ನನ್ನದೇ. ತಪ್ಪಿನ ಮೂಲ ಹುಡುಕಿಕೊಂಡು ಹೋದರೆ ನಮ್ಮ ಕಾನ್ವೆಂಟು ಸಿಗುತ್ತದೆ. ಅಲ್ಲಿ ಸಿಸ್ಟರುಗಳು ಸಾಕಿದ ಒಂದು ಅಲ್ಸೇಶಿಯನ್ ಇತ್ತು. ಮಾಲೂರಿನ ನಮ್ಮ ಮನೆಯಲ್ಲಿ ಬರೀ ಕನ್ನಡ. ಒಂದನೇ ಕ್ಲಾಸಿಗೆ ಹೋದ ಹೊಸತರಲ್ಲಿ ನನಗಿಂತ ಆ ನಾಯಿಗೇ ಇಂಗ್ಲಿಷ್ ಚೆನ್ನಾಗಿ ಅರ್ಥವಾಗುತ್ತಿತ್ತು. ಸಿಸ್ಟರು ಅಂಗಳದಲ್ಲಿ ನಿಂತು "ಸಿಟ್" ಅಂದರೆ ನಾಯಿಯೂ ಕೂರುತ್ತಿತ್ತು, ಅದನ್ನು ನೋಡಿ ನಮ್ಮ ಅರ್ಧ ಕ್ಲಾಸೂ ಕೂರುತ್ತಿತ್ತು. ನಾಯಿಗಳ ಮಾತೃಭಾಷೆ ಇಂಗ್ಲಿಷ್ ಎಂಬ ನಂಬಿಕೆ ಆಗ ಹುಟ್ಟಿದ್ದು. ನೀವು ನಗಬೇಡಿ. ನಮ್ಮ ಕೋಲಾರದ ಯಾವ ಬೀದಿಗಾದರೂ ಹೋಗಿ ನೋಡಿ. ಮಕ್ಕಳನ್ನು ಕನ್ನಡದಲ್ಲಿ ಬೈದು, ತರಕಾರಿಯವನ ಹತ್ತಿರ ತೆಲುಗಿನಲ್ಲಿ ಚೌಕಾಸಿ ಮಾಡಿದ ಅದೇ ಬಾಯಿ ನಾಯಿಯ ಕಡೆ ತಿರುಗಿದ ತಕ್ಷಣ "ಕಮ್, ನೋ, ಗುಡ್ ಬಾಯ್" ಅನ್ನುತ್ತದೆ.

ನಾಯಿ ಸಿಕ್ಕಿದ್ದು ಗಡಿಯ ನಂಗಲಿಯಲ್ಲಿ. ಆಂಧ್ರದ ಕಡೆ ನೆಂಟರ ಗೃಹಪ್ರವೇಶ ಮುಗಿಸಿ ನಾನು, ಇವರು, ನಮ್ಮತ್ತೆ ಕಾರಿನಲ್ಲಿ ಬರುತ್ತಿದ್ದೆವು. ಹೆದ್ದಾರಿ ಪಕ್ಕ ಟೀ ಅಂಗಡಿಯ ಹತ್ತಿರ ನಿಲ್ಲಿಸಿದಾಗ, ಹಳೇ ಟೈರುಗಳ ಸಂದಿಯಲ್ಲಿ ಕಂದು ಬಣ್ಣದ ಮರಿಯೊಂದು ಹಿಂಗಾಲು ಎಳೆದುಕೊಂಡು ಮಲಗಿತ್ತು. ಮರಿ ಎಂದರೆ ತೀರಾ ಮರಿಯಲ್ಲ, ವರ್ಷ ತುಂಬಿರಬೇಕು.

"ಲಾರಿ ತಾಕಿಸ್ಕೊಂಡು ಹೋಗಿ ಮೂರು ದಿನ ಆಯ್ತಕ್ಕ" ಎಂದಳು ಅಂಗಡಿಯ ಹೆಂಗಸು. "ಬನ್ನು ಹಾಕಿದ್ರೆ ತಿಂತದೆ. ಎದ್ದೇಳಲ್ಲ. ಇಲ್ಲೇ ಇದ್ರೆ ಇನ್ನೊಂದು ಲಾರಿ ಬರ್ತದೆ."

ಕರುಣೆಯಿಂದ ಎತ್ತಿಕೊಂಡೆ ಎಂದು ಒಂಬತ್ತು ವರ್ಷ ಎಲ್ಲರಿಗೂ ಹೇಳಿದ್ದೇನೆ. ಪೂರ್ತಿ ನಿಜ ಅದಲ್ಲ. ಅವತ್ತು ಗೃಹಪ್ರವೇಶದ ಪಂಕ್ತಿಯಲ್ಲಿ ನಮ್ಮತ್ತೆ, ನನಗೆ ತಿಳಿಯುವುದಿಲ್ಲವೆಂದುಕೊಂಡು, ಪಕ್ಕದವರಿಗೆ ತೆಲುಗಿನಲ್ಲಿ "ನಮ್ಮ ಸೊಸೆ ದೊರಸಾನಿ, ಕೈಗೆ ಮಣ್ಣಾಗಬಾರದು" ಅಂದಿದ್ದರು. ಅದು ಹೋಳಿಗೆಯ ಜೊತೆ ಗಂಟಲಲ್ಲೇ ಕೂತಿತ್ತು. ಅದಕ್ಕೇ ರೇಷ್ಮೆ ಸೀರೆಯಲ್ಲಿ ಬಗ್ಗಿ, ಗ್ರೀಸು, ಮಣ್ಣು, ರಕ್ತ ಎಲ್ಲದರ ಸಮೇತ ಅದನ್ನು ಮಡಿಲಿಗೆ ಹಾಕಿಕೊಂಡೆ. ನೋಡಲಿ, ದೊರಸಾನಿಯನ್ನು. ಮುಂದಿನ ಸೀಟಿನಲ್ಲಿದ್ದ ಅತ್ತೆ ಮುಳಬಾಗಿಲು ಬರುವತನಕ ತಿರುಗಲಿಲ್ಲ. ಆಮೇಲೆ ಕೇಳಿದರು, "ಎಷ್ಟು ದಿನ?"

"ಕಾಲು ವಾಸಿಯಾಗೋ ತನಕ ಅತ್ತೆ. ಒಂದು ತಿಂಗಳು."

ಕಾಲು ಒಂದು ತಿಂಗಳಿಗೆ ಸೊಟ್ಟಗೆ ಕೂಡಿಕೊಂಡಿತು. ನಾಯಿ ಉಳಿಯಿತು. ಬ್ರೂನೋ ಎಂದು ಹೆಸರಿಟ್ಟು, ಬಿಸ್ಕತ್ತಿನ ಪೊಟ್ಟಣ ಹಿಡಿದು ದಿನಾ ಬೆಳಿಗ್ಗೆ ಅಂಗಳದಲ್ಲಿ ಪಾಠ ಶುರು ಮಾಡಿದೆ. "ಬ್ರೂನೋ, ಕಮ್. ಬ್ರೂನೋ, ಸಿಟ್. ಸ್ಟೇ." ಬೇರೆ ರಾಜ್ಯದ ರೈಲ್ವೆ ಸ್ಟೇಷನ್ನಿನಲ್ಲಿ ಮೈಕಿನ ಮಾತು ಕೇಳುವ ಪ್ರಯಾಣಿಕನ ಹಾಗೆ ಅದು ಬಹಳ ಮರ್ಯಾದೆಯಿಂದ ನನ್ನ ಬಾಯನ್ನೇ ನೋಡುತ್ತಿತ್ತು. ಕದಲುತ್ತಿರಲಿಲ್ಲ. ಲಾರಿ ಹೊಡೆದು ಕಿವಿ ಹೋಗಿದೆ ಎಂದು ನಾನೇ ತೀರ್ಮಾನಿಸಿ ದನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಅದರ ಬೆನ್ನ ಹಿಂದೆ ಮೆಲ್ಲಗೆ ಚಪ್ಪಾಳೆ ತಟ್ಟಿದರು. ನಾಯಿ ತಿರುಗಿ ನೋಡಿತು. "ಕಿವಿಗೇನಾಗಿಲ್ಲ ಮೇಡಂ" ಎಂದರು. ಏನಾಗಿದೆ ಎಂದು ಅವರಿಗೂ ಗೊತ್ತಾಗಲಿಲ್ಲ. ಬೀದಿಯವರಿಗೆ ಮಾತ್ರ ನಾಯಿ ಕಿವುಡು ಎಂದೇ ಹೇಳಿಕೊಂಡು ಬಂದೆ. ಮೇಷ್ಟ್ರ ಮರ್ಯಾದೆಯ ಪ್ರಶ್ನೆ.

ಮೂರು ತಿಂಗಳ ಮೇಲೆ ಒಂದು ದಿನ ಅತ್ತೆ ಬಿಸಿಲಲ್ಲಿ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದರು. ನಾಯಿ ಹೋಗಿ ಬಿಸಿಲಿಗೆ ಅಡ್ಡ ನಿಂತಿತು. ಅತ್ತೆ ತಲೆಯೆತ್ತದೆ, "ಲೇ ಕುಂಟೋಡಾ, ಅವತಲ ಜರುಗು" ಅಂದರು, ಆಚೆ ಸರಿ ಎಂದು. ನಾಯಿ ತಕ್ಷಣ ಎರಡು ಮಾರು ಆಚೆ ಸರಿಯಿತು.

ಅತ್ತೆಯ ಕೈ ಮೊರದ ಮೇಲೇ ನಿಂತಿತು. "ಇಟು ರಾ" ಅಂದರು. ಬಂತು. "ಕೂಚೋ" ಅಂದರು. ಕೂತಿತು. ಆಮೇಲೆ ಅವರು, ಕೈಯಲ್ಲಿ ಬಿಸ್ಕತ್ತು ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ಆ ನೋಟವನ್ನು ಬಣ್ಣಿಸಲು ನನಗೆ ಯಾವ ಭಾಷೆಯೂ ಸಾಲದು.

"ಇದು ನಂಗಲಿ ನಾಯಿ ಕಣಮ್ಮ. ಲಾರಿಯೋರ ಮಧ್ಯೆ ಬೆಳೆದಿರೋದು. ನಿಮ್ಮ ಸಿಸ್ಟರು ಅಲ್ಲಿಗೂ ಹೋಗಿ ಪಾಠ ಹೇಳಿದ್ರಾ?"

ಈ ಕಡೆ ಹುಟ್ಟಿ ಬೆಳೆದವರಿಗೆ ಮೊದಲ ದಿನವೇ ಹೊಳೆಯಬೇಕಾದ ವಿಷಯ. ನಾನಾದರೋ ತೆಲುಗು ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾಗಿದ್ದರೂ ಒಂದು ತೆಲುಗು ಮಾತು ಆಡಿದವಳಲ್ಲ. ಬರುತ್ತಿರಲಿಲ್ಲವೆಂದಲ್ಲ, ಎಲ್ಲಾ ತಿಳಿಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಬಿಂಕಕ್ಕೆ ಆಡಲಿಲ್ಲ. ಆಮೇಲೆ ಆಡಿದರೆ, ಅಷ್ಟು ವರ್ಷ ಅವರು ಅಂದದ್ದೆಲ್ಲಾ ನನಗೆ ಕೇಳಿಸಿದೆ ಎಂದು ಗೊತ್ತಾಗುತ್ತಿತ್ತಲ್ಲ. ಅದು ಇಬ್ಬರಿಗೂ ಕಷ್ಟ.

ನಾಯಿಯ ದೆಸೆಯಿಂದ ಆ ಕಷ್ಟವನ್ನೂ ಪಟ್ಟೆ. ಕುಕ್ಕರಿನ ಸೀಟಿಯ ಮರೆಯಲ್ಲಿ ಅಡಿಗೆಮನೆಯೊಳಗೆ "ಇಟು ರಾ, ಇಟು ರಾ" ಎಂದು ಅಭ್ಯಾಸ ಮಾಡಿಕೊಂಡು ಅಂಗಳಕ್ಕೆ ಬಂದು ಕರೆದೆ. ನಾಯಿ ನನ್ನನ್ನು ನೋಡಿತು. ಆಮೇಲೆ, ಇವಳು ಏನಂದಳು ಎನ್ನುವಂತೆ ಅತ್ತೆಯನ್ನು ನೋಡಿತು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಾಯೀನ ಕರೀತಿದ್ದೀಯೋ, ತಾಲ್ಲೂಕು ಆಫೀಸಿಗೆ ಅರ್ಜಿ ಕೊಡ್ತಿದ್ದೀಯೋ?"

ಅಂದಿನಿಂದ ಮಧ್ಯಾಹ್ನದ ಹೊತ್ತು ಅತ್ತೆ ನನ್ನ ತೆಲುಗು ತಿದ್ದತೊಡಗಿದರು. ನಾಯಿ ನಮ್ಮಿಬ್ಬರ ಮಧ್ಯೆ ಮಲಗಿರುತ್ತಿತ್ತು. ಈಗ ಅವರ ಮಗನ ಮೇಲಿನ ದೂರುಗಳನ್ನೆಲ್ಲ ನಾವಿಬ್ಬರೂ ತೆಲುಗಿನಲ್ಲೇ ಹೇಳಿಕೊಳ್ಳುತ್ತೇವೆ. ದೊರಸಾನಿ ಎನ್ನುವ ಮಾತು ಮತ್ತೆ ಬಂದಿಲ್ಲ. ಬಂದರೂ ಈಗ ಎದುರಿಗೇ ಬರುತ್ತದೆ, ನಾನೂ ಎದುರಿಗೇ ಉತ್ತರ ಕೊಡುತ್ತೇನೆ. ಹೀಗೆ ಅತ್ತೆ ನನ್ನನ್ನು ಪಾಸು ಮಾಡಿದರು. ನಾಯಿ ಮಾಡಲಿಲ್ಲ. ಉಪ್ಪಿಲ್ಲದ ಮುದ್ದೆ ತಿರುವಿ ಮೊಸರಿನಲ್ಲಿ ಕಿವುಚಿ ಹಾಕಿದವಳು ನಾನು, ಕಿವಿಯ ಉಣ್ಣೆಹುಳ ಕಿತ್ತವಳು ನಾನು, ಗಾಯಕ್ಕೆ ಮುಲಾಮು ಹಚ್ಚಿದವಳು ನಾನು. ಮುಲಾಮು ಹಚ್ಚುವಾಗ ಅದು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿತ್ತು. ಅತ್ತೆ ಒಂದು ಸಲವೂ ಅದನ್ನು ಮುಟ್ಟಲಿಲ್ಲ. ಆದರೂ ಅವರು ಕೆಮ್ಮಿದರೆ ಕಿವಿ ಎತ್ತುತ್ತಿತ್ತು. ನಾನು ಎಲ್ಲಿಗಾದರೂ ಹೋಗಿ ಬಂದರೆ ಕಣ್ಣನ್ನೂ ತೆರೆಯುತ್ತಿರಲಿಲ್ಲ.

ಅದಕ್ಕೆ ನಾನು ಯಾರು? ಅಡಿಗೆಯವಳೋ, ಕಾಂಪೌಂಡರೋ? ಹೇಳಿಕೊಳ್ಳಲು ನಾಚಿಕೆಯಾಗುವ ಸಣ್ಣ ಹೊಟ್ಟೆಕಿಚ್ಚು ಇದು. ಸತ್ತ ನಾಯಿಯ ಹತ್ತಿರ ರಸೀದಿ ಕೇಳಿದ ಹಾಗೆ.

ಹುತ್ತೂರಿನ ಹತ್ತಿರ ನಮ್ಮ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮಣ್ಣು ಮಾಡಿದೆವು. ನಾಲ್ಕು ದಿನದಿಂದ ಅನ್ನ ಬಿಟ್ಟಿತ್ತು. ವಯಸ್ಸಾಯಿತು ಎಂದಿದ್ದರು ಡಾಕ್ಟರು. ಎಂಬತ್ತು ದಾಟಿದ ಅತ್ತೆಯೂ ಕಾರಿನಲ್ಲಿ ಬಂದಿದ್ದರು. "ಪೋಯಿ ರಾರಾ ಕುಂಟೋಡಾ" ಎಂದು, ಮನೆಯ ಹುಡುಗನನ್ನು ಊರಿಗೆ ಕಳಿಸುವ ಹಾಗೆ, ಹೋಗಿ ಬಾ ಎಂದರು. ಇವರು ಗುದ್ದಲಿ ಹಿಡಿದು ನನ್ನ ಮುಖ ನೋಡಿದರು. ನಾನೂ ಏನಾದರೂ ಹೇಳಬೇಕಿತ್ತು. ಕನ್ನಡದಲ್ಲಿ ಅದರ ಜೊತೆ ಯಾವತ್ತೂ ಮಾತಾಡಿರಲಿಲ್ಲ. ತೆಲುಗಿನಲ್ಲಿ ಅತ್ತೆ ಆಗಲೇ ಹೇಳಿಯಾಗಿತ್ತು. ಕೊನೆಗೆ ಬಾಯಿಂದ ಬಂದದ್ದು "ಸ್ಟೇ".

ಒಂಬತ್ತು ವರ್ಷದಲ್ಲಿ ಅದು ಕೇಳಿದ ನನ್ನ ಮೊದಲ ಮಾತು.

ಇವತ್ತು ಸಂಜೆ ಮಾರ್ಕೆಟ್ಟಿಗೆ ಹೋಗಿ, ಎರಡು ಕೈಚೀಲ ತುಂಬಿಸಿಕೊಂಡು ನಡೆದು ಬಂದೆ. ಎದುರುಮನೆಯ ಸರೋಜಮ್ಮ ಜಗಲಿಯ ಮೇಲೆ ಇನ್ನಿಬ್ಬರು ಹೆಂಗಸರ ಜೊತೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ನನ್ನನ್ನು ಕಂಡದ್ದೇ ಮೂವರ ಮಾತೂ ಒಟ್ಟಿಗೆ ನಿಂತಿತು.

"ಬಂದ್ರಾ? ನೀವು ಬಂದಿದ್ದೇ ಗೊತ್ತಾಗಲಿಲ್ಲ ನೋಡಿ" ಎಂದರು ಸರೋಜಮ್ಮ. "ಆ ಕುಂಟ ಇದ್ದಾಗ ನಮಗೆ ಅನುಕೂಲ ಇತ್ತು. ನೀವು ಇನ್ನೂ ನೀರಿನ ಟ್ಯಾಂಕ್ ಹತ್ರ ಇರೋವಾಗ್ಲೇ ಎದ್ದು ಕುಂಟ್ಕೊಂಡು ಗೇಟಿಗೆ ಬಂದು ನಿಲ್ಲೋದು."

"ನಮ್ಮತ್ತೆಗೆ ಇರಬೇಕು."

"ಅಯ್ಯೋ, ಅವರೆಲ್ಲಿ ಆಚೆ ಹೋಗ್ತಾರೆ? ನಿಮಗೇ. ನೀವು ತಿರುವಿಗೆ ಬಂದ್ರೆ ಸಾಕು, ಓಡಿ ಹೋಗಿ ಮಲಗಿಬಿಡೋದು, ಏನೂ ತಿಳೀದವನ ಹಂಗೆ. ಕಳ್ಳ."

ಚೀಲಗಳು ಕೈ ಕೊಯ್ಯುತ್ತಿದ್ದವು. ಕೆಳಗಿಡಬೇಕೆಂದು ತೋಚಲಿಲ್ಲ. "ದಿನಾನಾ?" ಎಂದು ಕೇಳಿದೆ.

"ದಿನಾ ಕಣ್ರೀ" ಎಂದರು ಸರೋಜಮ್ಮ, ಕಾಳಿನಿಂದ ಕಣ್ಣೆತ್ತದೆ. "ಅದು ಗೇಟಿಗೆ ಬಂತು ಅಂದ್ರೆ ನಿಮ್ಮ ವಿಷಯ ನಿಲ್ಲಿಸಿ ಸೊಪ್ಪಿನ ವಿಷಯಕ್ಕೆ ಬರ್ತಿದ್ವಿ. ಈಗ ಹೇಳೋರೇ ಇಲ್ಲ ನೋಡಿ, ಮಾತಿನ ಮಧ್ಯಕ್ಕೇ ಬಂದುಬಿಡ್ತೀರ."