ಹಂಡೆ ಅಂದಿದ್ದರೆ

"ಯುದ್ಧ ನಡೆದದ್ದು ಗಡಿಯಲ್ಲಿ. ಪುಣೆಯ ಪೊಲೀಸನ ತಲೆ ಅದರಿಂದ ಕೆಡುವುದು ಸಾಧ್ಯವೇ ಇಲ್ಲ" ಎಂದು ನನಗೆ ಹೇಳಿದವರು ಹಿರಿಯ ಇನ್ಸ್‌ಪೆಕ್ಟರ್ ಒಬ್ಬರು. ಗಡಿಯ ಕಾಳಗ ನಿಂತು ಕೆಲವೇ ವಾರಗಳಾಗಿದ್ದವು. ನಾನಾಗ ಪೊಲೀಸ್ ಸಿಬ್ಬಂದಿಯ ಆಪ್ತಸಮಾಲೋಚಕಿ. ಇಂಥ ಮಾತು ನನಗೆ ಹೊಸದಲ್ಲ. ಯಾದಗಿರಿ ಕಡೆಯಿಂದ ಬಂದು ಇದೇ ಊರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡಿದವನ ಮಗಳು ಎಂ.ಎ. ಓದುತ್ತಾಳೆ ಎಂದಾಗಲೂ ಜನ ಸಾಧ್ಯವಿಲ್ಲವೆಂದೇ ನಕ್ಕಿದ್ದರು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಇನ್ಸ್‌ಪೆಕ್ಟರ್ ಕಳಿಸಿದ್ದು ಹವಾಲ್ದಾರ ಸಿದ್ರಾಮಪ್ಪನವರನ್ನು. ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಠಾಣೆಯಲ್ಲಿ ಜನ ಸಾಲದು, ಇವರನ್ನು ಬಂದೂಕಿನ ಡ್ಯೂಟಿಗೆ ಮರಳಿಸಬೇಕು, ಬೇಗ 'ಫಿಟ್' ಎಂದು ಬರೆದುಕೊಡಿ ಎಂಬುದು ಇನ್ಸ್‌ಪೆಕ್ಟರರ ಅವಸರ. ನನ್ನ ವರದಿ ನೋಡಿಯೇ ವೈದ್ಯರು ಸಹಿ ಹಾಕುತ್ತಿದ್ದರು.

ಸಿದ್ರಾಮಪ್ಪನವರಿಗೂ ಅದೇ ಬೇಕಿತ್ತು.

"ಬರದು ಬಿಡ್ರಿ ಮ್ಯಾಡಮ್. ಇಲ್ಲಾಂದ್ರ ಠಾಣೇದಾಗ ನನ್ನ ಹೆಸರು 'ಮೆಂಟಲ್ ಮಾಮಾ' ಅಂತ ಆಗ್ತದ. ಈಗಾಗಲೇ ಅರ್ಧ ಆಗೇದ."

"ಬರೀತೀನ್ರಿ. ಮೊದಲ ಚಾ ಕುಡೀರಿ."

ಹೊರಗೆ ಯಾರೋ ಕಬ್ಬಿಣದ ಕಪಾಟಿನ ಬಾಗಿಲನ್ನು ದಡ್ಡನೆ ಹಾಕಿದರು. ಚಹಾದ ಕಪ್ಪು ನೆಲಕ್ಕೆ ಬಿದ್ದು ಚೂರಾಗಿತ್ತು, ಸಿದ್ರಾಮಪ್ಪನವರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಕೈ ಸೊಂಟದಲ್ಲಿ ಪಿಸ್ತೂಲು ಹುಡುಕುತ್ತಿತ್ತು. ಇದನ್ನು ನಾವು ಹೈಪರ್‌ವಿಜಿಲೆನ್ಸ್ ಅನ್ನುತ್ತೇವೆ. ಅಪಾಯ ಮುಗಿಯಿತೆಂದು ಯಾರು ಹೇಳಿದರೂ ಮೈ ನಂಬುವುದಿಲ್ಲ.

ಕೆಲವು ಭೇಟಿಗಳಾದ ಮೇಲೆ ಈ ಹೆದರಿಕೆ ಶುರುವಾದ ದಿನದ ಮಾತನ್ನು ಅವರೇ ತೆಗೆದರು. ಕಾಳಗದ ದಿನಗಳಲ್ಲಿ ಎಲ್ಲರ ರಜೆಯೂ ರದ್ದು. ಸೈರನ್ ಅಭ್ಯಾಸ, ಹುಸಿ ಕರೆಗಳು, ಮೊಬೈಲಿನ ತುಂಬ ಸ್ಫೋಟದ ವಿಡಿಯೋಗಳು. ನಿದ್ದೆಯೆಂದರೆ ಜೀಪಿನಲ್ಲಿ ಕೂತು ಕಣ್ಣು ಮುಚ್ಚಿದಷ್ಟು. ಅವರನ್ನು ಸಾಸವಡ ರಸ್ತೆಯಲ್ಲಿ ವಾಹನ ತಪಾಸಣೆಗೆ ಹಾಕಿದ್ದರು. ಒಂದು ಮಧ್ಯಾಹ್ನ ಟೆಂಪೊ ಬಂತು. ಹಿಂದೆ ಕಟ್ಟಡ ಕೆಲಸದ ಗಂಡ-ಹೆಂಡತಿ, ಅವರ ಮನೆಸಾಮಾನು. ಕೌದಿಯಲ್ಲಿ ಸುತ್ತಿದ ಎತ್ತರದ ವಸ್ತುವೊಂದನ್ನು ತೋರಿಸಿ, ಏನದು ಎಂದು ಇವರು ಮರಾಠಿಯಲ್ಲಿ ಕೇಳಿದರು.

"ಬಂಬ ಆಹೆ, ಸಾಹೇಬ" ಎಂದಳು ಆಕೆ.

ಬಂಬ ಎಂದರೆ ಮರಾಠಿಯಲ್ಲಿ ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆ, ನಡುವೆ ಬೆಂಕಿ ಹಾಕಲು ಕೊಳವೆ ಇರುತ್ತದೆ. ಆಕೆ ಮನೆಗೆಲಸ ಮಾಡುತ್ತಿದ್ದ ಮನೆಯವರು ಹಳೆಯದೊಂದನ್ನು ಕೊಟ್ಟಿದ್ದರಂತೆ. ಸಿದ್ರಾಮಪ್ಪನವರ ಕಿವಿಗೆ ಬಿದ್ದದ್ದು 'ಬಾಂಬ್'. ಎಲ್ಲರೂ ಓಡಿ ಎಂದು ಕೂಗಿ ಬಂದೂಕು ಎತ್ತಿದರು. ಆಕೆಯ ಗಂಡ ಗಾಬರಿಯಲ್ಲಿ ರಸ್ತೆಗೆ ಹಾರಿದ. ಎದುರಿನಿಂದ ಬರುತ್ತಿದ್ದ ಲಾರಿಯ ಚಾಲಕ ಬ್ರೇಕ್ ಒತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೆಣದ ಮೇಲೆ ಬಿದ್ದು ಆಕೆ ಅತ್ತದ್ದು ಕನ್ನಡದಲ್ಲಿ.

"ನಮ್ಮವರು ಅಂತ ಆವಾಗ ಗೊತ್ತಾತ್ರಿ. ಖಾಕಿ ನೋಡಿ ಆಕಿ ಮರಾಠಿ ಮಾತಾಡ್ಯಾಳ. ಡ್ಯೂಟಿ ಮ್ಯಾಲ ನಂದೂ ಮರಾಠೀನ. ಹಂಡೆ ಅಂದಿದ್ರ ಮನಷ್ಯಾ ಉಳೀತಿದ್ದ. ಸಣ್ಣಾಂವಿದ್ದಾಗಿಂದ ಬಂಬದ ನೀರಾಗ ಜಳಕಾ ಮಾಡಿದಾಂವ ರೀ ನಾ. ಆ ಶಬ್ದ ನನಗ ಹ್ಯಾಂಗ ಮರತ್ ಹೋತ್ರಿ, ಮ್ಯಾಡಮ್?"

ಪ್ರಕರಣ ಅಪಘಾತವೆಂದು ಮುಗಿದಿತ್ತು. ಟೆಂಪೊದಲ್ಲಿದ್ದವರು ನನ್ನ ಅಪ್ಪ-ಅವ್ವನಂಥವರು. ಆ ಸಾವನ್ನು ನಾನೂ ಕಾಯಿಲೆಯ ಹೆಸರಿನಲ್ಲಿ ಮುಚ್ಚುತ್ತಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಆದರೆ ಇವರ ಕೈಗೆ ಮತ್ತೆ ಬಂದೂಕು ಕೊಟ್ಟರೆ ಇನ್ನೊಂದು ಸಂಸಾರ ಅದೇ ರಸ್ತೆಯಲ್ಲಿ ಬಂದೇ ಬರುತ್ತದೆ.

ಒಂದು ಸಹಿಗೆ ಎಷ್ಟು ದಿನ ಎಂದು ಇನ್ಸ್‌ಪೆಕ್ಟರ್ ಫೋನಿನಲ್ಲಿ ರೇಗಿದರು. "ಮುಂದೆ ಏನಾದರೂ ಆದರೆ ಹೊಣೆ ನನ್ನದು ಅಂತ ನೀವು ಬರೆದುಕೊಡಿ ಸರ್, ಇವತ್ತೇ ಕೊಡುತ್ತೇನೆ" ಎಂದೆ. ಅವರು ಫೋನಿಟ್ಟರು.

ಈ ನೌಕರಿ ನನಗೆ ಕಲಿಸಿದ್ದು ಇದನ್ನೇ: ಪೊಲೀಸನಿಗೆ ನಿದ್ದೆ ಕೊಡದೆ ಬರೀ ಭಯ ಕೊಟ್ಟರೆ, ಅದರ ಪೆಟ್ಟು ತಿನ್ನುವವರು ದಾರಿಯಲ್ಲಿ ಹೋಗುವ ಬಡವರು.

ಬಂದೂಕಿನ ಕೆಲಸಕ್ಕೆ ಅನರ್ಹ, ಚಿಕಿತ್ಸೆ ಬೇಕು ಎಂಬ ಸರ್ಟಿಫಿಕೇಟಿಗೆ ವೈದ್ಯರು ಸಹಿ ಹಾಕಿದರು. ನಾನದನ್ನು ಚಾಚಿದಾಗ ಸಿದ್ರಾಮಪ್ಪನವರು ತಲೆ ಎತ್ತಲಿಲ್ಲ. ಅಂದು ಜೊತೆಗೆ ಬಂದಿದ್ದ ಅವರ ಹೆಂಡತಿ ಕಸ್ತೂರಬಾಯಿ ತೆಗೆದುಕೊಂಡು, ಓದಿ ಹೇಳಿರೆಂದರು. ಹೇಳಿದೆ. ಆಕೆ ಹಾಳೆಯನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು.

"ಇವರಿಗೇನೋ ಬರದು ಕೊಟ್ರಿ, ಛಲೋ ಆತು. ರಸ್ತೇದಾಗ ಗಂಡನ್ನ ಕಳಕೊಂಡ ಆಕಿಗೆ ಯಾರು ಏನ್ ಬರದು ಕೊಡತಾರ್ರೀ?"